ಪ್ಲೇಟೋಗೆ ಬಿಳಿ ಗಡ್ಡ ಯಾಕೆ?

ಪ್ರಶ್ನೆ: ಹೋದ ತಿಂಗಳು ಮಗಳ ಮನೆಗೆ ಅಂತ ನ್ಯೂಯಾರ್ಕಿಗೆ ಹೋಗಿದ್ದೆ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ‘ಸಾಕ್ರೆಟಿಸನ ಸಾವು’ ಅನ್ನುವ ಚಿತ್ರ ನೋಡಿದೆ. ಮಂಚದ ಕಾಲ ಬಳಿ ತಲೆ ತಗ್ಗಿಸಿ ಕೂತಿರುವ ಮುದುಕನೇ ಪ್ಲೇಟೋ ಅಂತ ಮಗಳು ಹೇಳಿದಳು. ಸಾಕ್ರೆಟಿಸ್ ಗುರು, ಪ್ಲೇಟೋ ಶಿಷ್ಯ ಅಂತ ತಾನೇ ನಾವು ಪಾಠ ಮಾಡಿದ್ದು? ಶಿಷ್ಯನೇ ಹಣ್ಣು ಮುದುಕ ಆಗಿರೋದು ಹೇಗೆ? ಚಿತ್ರಕಾರ ತಪ್ಪು ಮಾಡಿದ್ದಾನಾ?
(ನಿವೃತ್ತ ಶಿಕ್ಷಕಿ, ಶಿವಮೊಗ್ಗ)

ಉತ್ತರ: ಸರಿಯಾಗೇ ಹಿಡಿದಿದ್ದೀರಿ ಮೇಡಂ. ಕ್ರಿ.ಪೂ. 399ರಲ್ಲಿ, ಅಥೆನ್ಸಿನ ಜೈಲಿನಲ್ಲಿ ಮರಣದಂಡನೆಯ ವಿಷ ಕುಡಿದು ಸತ್ತಾಗ, ಸಾಕ್ರೆಟಿಸ್‌ಗೆ ಸುಮಾರು 70 ವರ್ಷ. ಪ್ಲೇಟೋಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅದೂ ಸಾಲದು ಅಂತ, ಆವತ್ತು ಅವನು ಆ ಜೈಲಿನಲ್ಲಿ ಇರಲೇ ಇಲ್ಲ! ಇದನ್ನು ಹೇಳಿದವನು ಬೇರೆ ಯಾರೂ ಅಲ್ಲ, ಪ್ಲೇಟೋನೇ. ಆ ದಿನದ ಕಥೆಯನ್ನು ಅವನು ‘ಫೀಡೋ’ ಅನ್ನುವ ಸಂವಾದದಲ್ಲಿ ಬರೆದಿದ್ದಾನೆ. ಕಥೆ ಹೇಳುವವನ ಹೆಸರೇ ಫೀಡೋ. ಅಲ್ಲಿ ಯಾರ್ಯಾರು ಇದ್ದರು ಅಂತ ಒಬ್ಬೊಬ್ಬರ ಹೆಸರೂ ಹೇಳುತ್ತಾ ಹೋಗುವ ಅವನು, ನಡುವೆ ‘ಪ್ಲೇಟೋಗೆ ಹುಷಾರಿರಲಿಲ್ಲ ಅನ್ಸುತ್ತೆ’ ಅಂದು ಮುಂದಕ್ಕೆ ಹೋಗಿಬಿಡುತ್ತಾನೆ. ಅಷ್ಟೊಂದು ಸಂವಾದ ಬರೆದ ಪ್ಲೇಟೋ ತನ್ನ ಹೆಸರು ಎತ್ತೋದು ಮೂರೇ ಸಲ. ಅದರಲ್ಲಿ ಒಂದು, ಹೀಗೆ ತನಗೆ ತಾನೇ ಗೈರುಹಾಜರಿ ಹಾಕಿಕೊಳ್ಳೋಕೆ.

ಹಾಗಾದರೆ ಚಿತ್ರ ಬರೆದ ಜಾಕ್ ಲೂಯಿ ದಾವೀದ್‌ಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. 1787ರಲ್ಲಿ ಈ ಚಿತ್ರ ಮುಗಿಸೋ ಮುಂಚೆ ಅವನು ವಿದ್ವಾಂಸ ಪಾದ್ರಿಯೊಬ್ಬರ ಹತ್ತಿರ ಇದನ್ನೆಲ್ಲ ವಿಚಾರಿಸಿದ್ದ. ಗೊತ್ತಿದ್ದೂ ಮಾಡಿದ್ದಾನೆ ಅಂದರೆ ಅದಕ್ಕೊಂದು ಕಾರಣ ಇರಬೇಕು ಅಲ್ವಾ?

ಇನ್ನೊಂದು ಸಲ ಆ ಚಿತ್ರ ನೋಡಿ, ಮೊಬೈಲಿನಲ್ಲಾದರೂ ಸರಿ. ಸುತ್ತ ಇರುವವರು ಗೋಳಾಡುತ್ತಿದ್ದಾರೆ, ಪ್ಲೇಟೋ ಮಾತ್ರ ಸಾಕ್ರೆಟಿಸ್‌ಗೆ ಬೆನ್ನು ಹಾಕಿ ಸುಮ್ಮನೆ ಕೂತಿದ್ದಾನೆ. ಕೈ ತೊಡೆ ಮೇಲಿದೆ, ಕಣ್ಣು ಮುಚ್ಚಿದ ಹಾಗಿದೆ. ಪಕ್ಕದಲ್ಲಿ ನೆಲದ ಮೇಲೆ ಸುರುಳಿ ಸುತ್ತಿದ ಹಾಳೆ, ಮಸಿಕುಡಿಕೆ. ನನಗೆ ಅನ್ನಿಸೋದು ಇಷ್ಟು: ಅವನು ಜೈಲಿನಲ್ಲಿಲ್ಲ. ವರ್ಷಗಳು ಕಳೆದ ಮೇಲೆ, ಮುದುಕನಾಗಿ, ಎಲ್ಲೋ ಕೂತು ಇದನ್ನು ನೆನೆಸಿಕೊಳ್ಳುತ್ತಿದ್ದಾನೆ. ಅವನ ಬೆನ್ನ ಹಿಂದೆ ಕಾಣುವುದೆಲ್ಲ ಅವನ ತಲೆಯೊಳಗೆ ನಡೆಯುತ್ತಿರೋದು. ಕಲಾ ಇತಿಹಾಸ ಬರೆದವರು ಹಲವರು ಇದನ್ನೇ ಹೇಳುತ್ತಾರೆ, ನನಗೂ ಇದೇ ಸರಿ ಅನ್ನಿಸುತ್ತೆ.

ಯಾಕೆ ಅಂದರೆ, ಚಿತ್ರದಲ್ಲಿ ಹೊತ್ತೇ ಕಲಸಿಹೋಗಿದೆ. ಹಿಂದೆ ದೂರದಲ್ಲಿ ಮೆಟ್ಟಿಲು ಹತ್ತುತ್ತಾ ಕೈ ಎತ್ತಿ ಹೊರಡುತ್ತಿರುವವಳು ಸಾಕ್ರೆಟಿಸನ ಹೆಂಡತಿ ಕ್ಸಾಂತಿಪೆ. ಪ್ಲೇಟೋ ಬರೆದ ಪ್ರಕಾರ ಅವಳನ್ನು ಮನೆಗೆ ಕಳಿಸಿದ್ದು ಬೆಳಿಗ್ಗೆ, ಗೆಳೆಯರು ಒಳಗೆ ಬಂದ ಕೂಡಲೇ. ಮಂಚದ ಕೆಳಗೆ ಬಿದ್ದಿರುವ ಬೇಡಿ ಬಿಚ್ಚಿದ್ದೂ ಬೆಳಿಗ್ಗೆಯೇ; ಬೇಡಿ ಹೋದ ಕಾಲು ಉಜ್ಜಿಕೊಳ್ಳುತ್ತಾ, ನೋವು ಹೋದ ಹಿಂದೆಯೇ ಸುಖ ಹೇಗೆ ಬರುತ್ತೆ ನೋಡಿ ಅಂತ ಸಾಕ್ರೆಟಿಸ್ ಮಾತು ಶುರು ಮಾಡಿದ್ದ. ಆದರೆ ವಿಷದ ಬಟ್ಟಲು ಬಂದದ್ದು ಸಂಜೆ. ‘ಬೆಟ್ಟದ ಮೇಲೆ ಇನ್ನೂ ಬಿಸಿಲಿದೆ, ಅವಸರ ಬೇಡ’ ಅಂತ ಗೆಳೆಯ ಕ್ರಿಟೋ ಗೋಗರೆದರೂ ಕೇಳದೆ ತರಿಸಿಕೊಂಡ. ಬೆಳಿಗ್ಗೆಯದನ್ನೂ ಸಂಜೆಯದನ್ನೂ ಒಂದೇ ಕಡೆ ತಂದಿಡೋದು ಕಣ್ಣಲ್ಲ, ನೆನಪು.

ಚಿತ್ರದಲ್ಲಿ ಸಹಿ ಎರಡು ಕಡೆ ಇದೆ, ಅದನ್ನೂ ಹುಡುಕಿ. ಪ್ಲೇಟೋ ಕೂತ ಕಲ್ಲಿನ ಮೇಲೆ ಬರೀ ಇನಿಷಿಯಲ್ಸ್. ಸಾಕ್ರೆಟಿಸನ ತೊಡೆ ಹಿಡಿದುಕೊಂಡು ಕೂತಿರುವ ಕ್ರಿಟೋನ ಆಸನದ ಮೇಲೆ ‘ಎಲ್. ದಾವೀದ್’ ಅಂತ ಹೆಸರು. ದಾವೀದ್‌ಗೆ ಕಥೆ ಸಿಕ್ಕಿದ್ದು ಪ್ಲೇಟೋನಿಂದ, ಅವನ ಮನಸ್ಸು ಇರೋದು ಕ್ರಿಟೋ ಜೊತೆ ಅಂತ ನಾನು ಓದಿಕೊಳ್ಳುತ್ತೇನೆ. ಬೇರೆಯವರು ಬೇರೆ ಥರ ಓದಬಹುದು, ಜಗಳ ಇಲ್ಲ.

ಪ್ರಶ್ನೆ: 70ರ ಮುದುಕನಿಗೆ ಜಿಮ್‌ಗೆ ಹೋದವನ ಮೈಕಟ್ಟು ಹೇಗೆ ಬಂತು ಸಾರ್?
(ಪಿಯು ವಿದ್ಯಾರ್ಥಿ, ಹಾಸನ)

ಉತ್ತರ: ಬಂದಿಲ್ಲ, ದಾವೀದ್ ಕೊಟ್ಟಿದ್ದು. ನೋಡಿದವರು ಬರೆದಿಟ್ಟಿರೋ ಪ್ರಕಾರ ಸಾಕ್ರೆಟಿಸನದು ಚಪ್ಪಟೆ ಮೂಗು, ಉಬ್ಬುಗಣ್ಣು, ಜೊತೆಗೆ ಸ್ವಲ್ಪ ಹೊಟ್ಟೆ. ಗೆಳೆಯರೇ ಅವನನ್ನು ಕುಡುಕ ವನದೇವತೆ ಸಿಲೆನಸ್‌ಗೆ ಹೋಲಿಸಿ ರೇಗಿಸುತ್ತಿದ್ದರು. ದಾವೀದ್ ತಲೆಯನ್ನು ಅಲ್ಪಸ್ವಲ್ಪ ಹಾಗೇ ಬಿಟ್ಟು, ಕುತ್ತಿಗೆಯಿಂದ ಕೆಳಗೆ ಗ್ರೀಕ್ ಶಿಲ್ಪದ ಮೈ ಜೋಡಿಸಿದ. ಗಟ್ಟಿ ಮನಸ್ಸನ್ನು ಗಟ್ಟಿ ಮೈಯಲ್ಲಿ ತೋರಿಸೋದು ಆಗಿನ ಪ್ಯಾರಿಸ್ಸಿನ ರೂಢಿ.

ನೀವು ನೋಡಬೇಕಾದ್ದು ಮೈಯಲ್ಲ, ಬಲಗೈ. ಎಡಗೈ ಬೆರಳು ಮೇಲಕ್ಕೆ ತೋರಿಸುತ್ತಿದೆ, ಆತ್ಮಕ್ಕೆ ಸಾವಿಲ್ಲ ಅನ್ನೋ ವಾದ ಇನ್ನೂ ಮುಗಿದಿಲ್ಲ. ಬಲಗೈ ಬಟ್ಟಲಿನ ಮೇಲೆ ಬಂದು ನಿಂತಿದೆ, ಮುಟ್ಟಿಲ್ಲ. ಸಾಕ್ರೆಟಿಸ್ ಆ ಕಡೆ ನೋಡುತ್ತಲೂ ಇಲ್ಲ. ಕೊಡುವವನೇ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದಾನೆ. ಕೈಗೂ ಬಟ್ಟಲಿಗೂ ನಡುವಿನ ಆ ಚೂರು ಜಾಗ ಇಡೀ ಚಿತ್ರದ ಮಧ್ಯದಲ್ಲೇ ಇದೆ. ಮಾತು ಮುಗಿಯೋವರೆಗೂ ಅವನು ಬಟ್ಟಲು ಹಿಡಿಯಬಾರದು ಅಂತ ಸಲಹೆ ಕೊಟ್ಟದ್ದು ಕವಿ ಆಂದ್ರೆ ಶೆನಿಯೆ ಅಂತ ಒಂದು ಕಥೆ ಇದೆ.

ಪ್ರಶ್ನೆ: ಈ ಚಿತ್ರಕ್ಕೂ ಫ್ರೆಂಚ್ ಕ್ರಾಂತಿಗೂ ನಂಟು ಇದೆಯಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಚಿತ್ರ ಕ್ರಾಂತಿಗಿಂತ ಎರಡು ವರ್ಷ ಮುಂಚಿನದು, ಬರೆಸಿದವನು ಟ್ರುದೇನ್ ಅನ್ನುವ ಶ್ರೀಮಂತ. ಹಾಗಾಗಿ ಕ್ರಾಂತಿಗೆ ಅಂತಲೇ ಬರೆದದ್ದು ಅನ್ನೋಕಾಗಲ್ಲ. ಆದರೆ ಆಮೇಲೆ ನಡೆದದ್ದು ಬೇರೆಯೇ. ದಾವೀದ್ ಕ್ರಾಂತಿಕಾರಿ ಸರ್ಕಾರದಲ್ಲಿ ದೊಡ್ಡ ಮನುಷ್ಯನಾದ, ಜನರನ್ನು ಜೈಲಿಗೆ ಕಳಿಸುವ ಸಮಿತಿಯಲ್ಲೇ ಕೂತ. 1794ರ ಜುಲೈ 25ರಂದು ಕವಿ ಶೆನಿಯೆಯನ್ನು ತಲೆ ಕತ್ತರಿಸುವ ಯಂತ್ರ ಗಿಲೋಟಿನ್‌ಗೆ ಕೊಟ್ಟರು. ಮಾರನೇ ದಿನ ಚಿತ್ರ ಬರೆಸಿದ ಟ್ರುದೇನ್‌ನನ್ನೂ ಅವನ ಅಣ್ಣನನ್ನೂ ಕೊಟ್ಟರು.

ಅದೇ 26ರ ರಾತ್ರಿ ಕ್ರಾಂತಿಯ ನಾಯಕ ರೋಬೆಸ್ಪಿಯರ್ ತನ್ನ ರಾಜಕೀಯ ಕ್ಲಬ್ಬಿನಲ್ಲಿ ಭಾಷಣ ಮಾಡಿ, ಬೇಕಾದರೆ ಹೆಮ್ಲಾಕ್ ವಿಷ ಕುಡಿಯೋಕೂ ಸಿದ್ಧ ಅಂದ. ಹೆಮ್ಲಾಕ್ ಅಂದರೆ ಸಾಕ್ರೆಟಿಸ್ ಕುಡಿದ ವಿಷವೇ. ದಾವೀದ್ ಕೂಗಿದ: ‘ನೀನು ಕುಡಿದರೆ ನಾನೂ ಕುಡಿಯುತ್ತೇನೆ!’

ಮಾರನೇ ದಿನ ಸಂಸತ್ತಿನಲ್ಲೇ ರೋಬೆಸ್ಪಿಯರ್‌ನನ್ನು ಹಿಡಿದರು, ಅದರ ಮಾರನೇ ದಿನ ತಲೆ ತೆಗೆದರು. ದಾವೀದ್ ಸ್ವಲ್ಪ ಕಾಲ ಜೈಲಿನಲ್ಲಿದ್ದು ಹೊರಗೆ ಬಂದ, ನೆಪೋಲಿಯನ್ನನ ಚಿತ್ರಕಾರನಾದ, 1825ರಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡ. ರೋಬೆಸ್ಪಿಯರ್ ಸಿಕ್ಕಿಬಿದ್ದ ಆ ದಿನ ದಾವೀದ್ ಸಂಸತ್ತಿಗೆ ಬಂದಿರಲಿಲ್ಲ. ಹುಷಾರಿರಲಿಲ್ಲವಂತೆ.