ರೇವನೈಟ್ ಕ್ಲಬ್ಬಿಗೆ ಪೊಲೀಸರು ಬೀಗ ಹಾಕಲಿಲ್ಲವೇಕೆ?

ಕಳೆದ ಸಂಚಿಕೆಯಲ್ಲಿ ಬಂದ ನ್ಯೂಯಾರ್ಕ್ ಮಾಫಿಯಾ ಲೇಖನ ಓದಿ ಹಾಸನದ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಕೇಳಿದ್ದಾರೆ: ‘ಮಾಫಿಯಾ ನಾಯಕ ಜಾನ್ ಗಾಟಿ ಯಾವ ಬೀದಿಯ ಯಾವ ಮನೆಯಲ್ಲಿ ಕೂರುತ್ತಾನೆಂದು ಇಡೀ ಊರಿಗೇ ಗೊತ್ತಿತ್ತು. ನುಗ್ಗಿ ಬೀಗ ಜಡಿಯುವುದು ಬಿಟ್ಟು ವರ್ಷಗಟ್ಟಲೆ ನೋಡುತ್ತ ಕೂತದ್ದು ಕೈಲಾಗದತನವೋ, ಮಾಮೂಲಿಯೋ? ಕೊನೆಗೆ ಅವನ ವಕೀಲರನ್ನೇ ಮೊಕದ್ದಮೆಯಿಂದ ಹೊರಗಿಟ್ಟದ್ದು ಸರಿಯೇ?’

ಮಾನ್ಯರೇ,

ಮಾಮೂಲಿಯ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇವೆ. ಮೊದಲು ಬೀಗದ ವಿಚಾರ. ಮ್ಯಾನ್‌ಹಟನ್ನಿನ ಲಿಟ್ಲ್ ಇಟಲಿಯಲ್ಲಿ, 247 ಮಲ್ಬೆರಿ ಸ್ಟ್ರೀಟಿನ ನೆಲಮಹಡಿಯಲ್ಲಿದ್ದ, ಗಾಟಿ ಕೂರುತ್ತಿದ್ದ ರೇವನೈಟ್ ಹೊರನೋಟಕ್ಕೆ ಸದಸ್ಯರ ಖಾಸಗಿ ಕ್ಲಬ್ಬು. ಇಸ್ಪೀಟು, ಕಾಫಿ, ಹರಟೆ. ಇಸ್ಪೀಟಿನ ಕೇಸು ಹಾಕಿದರೆ ದಂಡ ಕಟ್ಟಿ ಸಂಜೆಗೆ ವಾಪಸು ಬರುತ್ತಾರೆ. ಬೀಗ ಹಾಕಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ, ಅದು ಯಾವುದೆಂದು ಪತ್ತೆ ಹಚ್ಚುವುದಕ್ಕೇ ಮತ್ತೆ ತಿಂಗಳುಗಳು ಬೇಕು.

ಅದಕ್ಕಿಂತ ದೊಡ್ಡ ಕಾರಣ ಗಾಟಿಯೇ ಒದಗಿಸಿದ. 1985ರ ಡಿಸೆಂಬರ್ 16ರಂದು ಹಿಂದಿನ ಯಜಮಾನ ಪಾಲ್ ಕ್ಯಾಸ್ಟೆಲಾನೊನನ್ನು ಕೊಲ್ಲಿಸಿ ಗ್ಯಾಂಬಿನೊ ‘ಕುಟುಂಬ’ ಎಂಬ ಮಾಫಿಯಾ ಗುಂಪಿನ ಯಜಮಾನನಾದವನು, ತನ್ನ ಕೈಕೆಳಗಿನ ನಾಯಕರೆಲ್ಲ ರೇವನೈಟಿಗೆ ಬಂದು ಮುಖ ತೋರಿಸಲೇಬೇಕೆಂದು ಕಟ್ಟಪ್ಪಣೆ ಮಾಡಿದ. ಹಿಂದಿನವರು ಗುಟ್ಟಾಗಿಟ್ಟಿದ್ದ ಪಟ್ಟಿ ಫುಟ್‌ಪಾತಿನ ಮೇಲೆ ನಡೆದುಬರತೊಡಗಿತು. ಎಫ್‌ಬಿಐ ದೂರದ ಕಿಟಕಿಯೊಂದರಲ್ಲಿ ಕ್ಯಾಮೆರಾ ಇಟ್ಟು ಯಾರು ಯಾವಾಗ ಬಂದರು, ಯಾರ ಕೆನ್ನೆಗೆ ಯಾರು ಮುತ್ತಿಟ್ಟರು, ಗಾಟಿ ಯಾರನ್ನು ಕರೆದುಕೊಂಡು ಬೀದಿ ಸುತ್ತಿದ ಎಂಬುದನ್ನೆಲ್ಲ ದಾಖಲಿಸಿಕೊಂಡಿತು. ದಿನವೂ ಪುಕ್ಕಟೆ ಸಿಗುವ ಈ ಹಾಜರಿ ಪುಸ್ತಕವನ್ನು ಯಾವ ತನಿಖಾಧಿಕಾರಿ ಬೀಗ ಜಡಿದು ಕಳೆದುಕೊಳ್ಳುತ್ತಾನೆ ಹೇಳಿ!

ಆದರೆ ಚಿತ್ರಕ್ಕೆ ದನಿಯಿಲ್ಲ. ಕದ್ದಾಲಿಕೆಗೆ 1968ರ ಕೇಂದ್ರ ಕಾನೂನಿನಡಿ ನ್ಯಾಯಾಧೀಶರ ಆದೇಶ ಬೇಕು. ಸಾಧಾರಣ ತನಿಖೆಯ ದಾರಿಗಳು ಸೋತಿವೆ, ಇಲ್ಲವೇ ಸೋಲುತ್ತವೆ ಎಂದು ಪ್ರಮಾಣಪತ್ರದಲ್ಲಿ ವಿವರಿಸಬೇಕು. ಆದೇಶ ಹೆಚ್ಚೆಂದರೆ 30 ದಿನ, ಮುಂದುವರಿಸಲು ಮತ್ತೆ ಅರ್ಜಿ. ಅಪರಾಧಕ್ಕೆ ಸಂಬಂಧಿಸದ ಮಾತು ಬಂದರೆ ಆಲಿಸುವುದನ್ನು ನಿಲ್ಲಿಸಬೇಕು. ಅವಧಿ ಮುಗಿದ ಕೂಡಲೇ ಟೇಪುಗಳನ್ನು ನ್ಯಾಯಾಧೀಶರ ಮುಂದಿಟ್ಟು ಮೊಹರು ಮಾಡಿಸಬೇಕು. ಅಲ್ಲಿ ತಡವಾಗಿ ಸರಿಯಾದ ವಿವರಣೆಯೂ ಇಲ್ಲದಿದ್ದರೆ ಟೇಪು ಸಾಕ್ಷ್ಯವಾಗುವುದಿಲ್ಲ. ಮೈಕ್ ಇಡಲು ಕದ್ದು ಒಳನುಗ್ಗಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1979ರಲ್ಲೇ ಹೌದೆಂದಿತ್ತು.

ಇಷ್ಟೆಲ್ಲ ದಾಟಿ ಕ್ಲಬ್ಬಿನ ಹಜಾರದಲ್ಲಿ ಇಟ್ಟ ಮೈಕು ಹೆಚ್ಚೇನೂ ಕೊಡಲಿಲ್ಲ. ಹತ್ತಾರು ಜನ ಒಟ್ಟಿಗೆ ಮಾತಾಡುವ ಗದ್ದಲ. ಮುಖ್ಯ ಮಾತು ಅಲ್ಲಿ ಆಡುತ್ತಲೂ ಇರಲಿಲ್ಲ. ಹಿಂಬಾಗಿಲಾಚೆಯ ಕಾರಿಡಾರಿಗೂ ಒಂದು ಮೈಕು ಹೋಯಿತು. ನಿಜವಾದ ಫಸಲು ಸಿಕ್ಕಿದ್ದು ಅದೇ ಕಟ್ಟಡದ ಮೇಲ್ಮಹಡಿಯ ಮನೆಯಲ್ಲಿ. ಕ್ಲಬ್ಬು ನೋಡಿಕೊಳ್ಳುತ್ತಿದ್ದವನ ವಿಧವೆಯ ಮನೆ ಅದು. ಗಾಟಿ ಆಪ್ತರೊಂದಿಗೆ ಅಲ್ಲಿಗೆ ಹೋಗಿ ಮಾತಾಡುತ್ತಾನೆಂದು ಮಾಹಿತಿದಾರರಿಂದ ತಿಳಿದು, 1989ರ ನವೆಂಬರಿನಲ್ಲಿ ಆಕೆ ಊರಲ್ಲಿಲ್ಲದಾಗ ಎಫ್‌ಬಿಐ ತಂತ್ರಜ್ಞರು ಮೈಕ್ ಅಡಗಿಸಿದರು. ಅಲ್ಲಿ ದಾಖಲಾದದ್ದು ಕೆಲವೇ ಸಂಭಾಷಣೆ. ಡಿಸೆಂಬರ್ 12ರಂದು ಗಾಟಿ, ಫ್ರ್ಯಾಂಕ್ ಲೊಕಾಸಿಯೊ ಜತೆ ಕೂತು, ಕರೆದಾಗ ಬರಲಿಲ್ಲವೆಂಬ ಕಾರಣಕ್ಕೆ ತನ್ನದೇ ಗುಂಪಿನ ಲೂಯಿ ಡಿಬೊನೊ ಸಾಯುತ್ತಾನೆ ಎಂದ. 1990ರ ಅಕ್ಟೋಬರಿನಲ್ಲಿ ಡಿಬೊನೊನ ಹೆಣ ವರ್ಲ್ಡ್ ಟ್ರೇಡ್ ಸೆಂಟರಿನ ಪಾರ್ಕಿಂಗಿನಲ್ಲಿ ಸಿಕ್ಕಿತು. ಹಾಜರಿ ತಪ್ಪಿಸಿದ್ದಕ್ಕೆ ಕೊಲೆ! ಕಾದು ಕೂರುವುದಕ್ಕೂ ಬೆಲೆ ಇತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಅದೇ ಟೇಪಿನಲ್ಲಿ ಗಾಟಿ ತನ್ನ ಬಲಗೈ ಸಾಲ್ವಟೋರ್ ಗ್ರವಾನೊನ ದುರಾಸೆಯನ್ನೂ ದೂರಿದ್ದ. 1990ರ ಡಿಸೆಂಬರ್ 11ರಂದು ಮೂವರನ್ನೂ ರೇವನೈಟಿನಲ್ಲೇ ಹಿಡಿದರು. ಟೇಪು ಕೇಳಿದ ಗ್ರವಾನೊ ಮರುವರ್ಷ ಸರ್ಕಾರದ ಕಡೆ ವಾಲಿ, 19 ಕೊಲೆಗಳಲ್ಲಿ ತನ್ನ ಕೈವಾಡ ಒಪ್ಪಿಕೊಂಡು ಸಾಕ್ಷಿ ಹೇಳಿದ. 1992ರ ಏಪ್ರಿಲ್ 2ರಂದು ಎಲ್ಲ 13 ಆರೋಪಗಳಲ್ಲೂ ಗಾಟಿ ಅಪರಾಧಿ.

ಗಾಟಿಯ ಮೇಲೆ ಆತುರಪಟ್ಟು ಹಾಕಿದ ಕೇಸುಗಳ ಗತಿ ನೋಡಿ. 1986ರಲ್ಲಿ, ಪಾರ್ಕಿಂಗ್ ಜಗಳದಲ್ಲಿ ಹೊಡೆಸಿಕೊಂಡಿದ್ದ ಫ್ರಿಜ್ ರಿಪೇರಿಯವನು ಕಟಕಟೆಯಲ್ಲಿ ನಿಂತು ಯಾರನ್ನೂ ಗುರುತಿಸಲಾರೆ ಎಂದ. 1987ರಲ್ಲಿ ಮತ್ತೆ ಖುಲಾಸೆ. ತೀರ್ಪು ಕೊಡುವ ನಾಗರಿಕರ ಮಂಡಳಿಯಾದ ಜ್ಯೂರಿಯ ಒಬ್ಬ ಸದಸ್ಯ 60,000 ಡಾಲರಿಗೆ ತನ್ನ ಮತ ಮಾರಿಕೊಂಡಿದ್ದು ಆಮೇಲೆ ಸಾಬೀತಾಯಿತು. 1990ರಲ್ಲಿ ಕಾರ್ಪೆಂಟರ್ ಯೂನಿಯನ್ ಮುಖಂಡನ ಮೇಲಿನ ಗುಂಡಿನ ದಾಳಿಯ ಕೇಸು. ಗಾಟಿಯ ಇನ್ನೊಂದು ಅಡ್ಡೆಯಾದ ಕ್ವೀನ್ಸ್‌ನ ಬರ್ಗಿನ್ ಹಂಟ್ ಆ್ಯಂಡ್ ಫಿಶ್ ಕ್ಲಬ್ಬಿನಲ್ಲಿ ರಾಜ್ಯದ ತನಿಖಾ ದಳ ಹಿಡಿದ ಟೇಪೇ ಅದರ ಆಧಾರ, ಅದೂ ನಿಲ್ಲಲಿಲ್ಲ.

ಈಗ ಮಾಮೂಲಿ. ನ್ಯೂಯಾರ್ಕ್ ಪೊಲೀಸ್ ಗುಪ್ತಚರ ವಿಭಾಗದ ಒಬ್ಬ ಪತ್ತೇದಾರ ಗಾಟಿ ಕಡೆಯವರಿಗೆ ಮಾಹಿತಿ ಮಾರುತ್ತಿದ್ದ, ಸಿಕ್ಕಿಬಿದ್ದು ಜೈಲು ಸೇರಿದ. ಹಾಗೆಂದು ಠಾಣೆಗೆ ಠಾಣೆಯೇ ಶಾಮೀಲೆನ್ನಲಾಗದು. ಬೀದಿಯ ಪೊಲೀಸರ ಪಾಡೇ ಬೇರೆ. ಬರ್ಗಿನ್ ಕ್ಲಬ್ಬು ಪ್ರತಿ ಜುಲೈ 4ಕ್ಕೆ ಓಝೋನ್ ಪಾರ್ಕ್ ಬಡಾವಣೆಯಲ್ಲಿ ಪರವಾನಗಿಯಿಲ್ಲದೆ ಪಟಾಕಿ ಸುಡುತ್ತಿತ್ತು, ಬಂದವರಿಗೆಲ್ಲ ಪುಕ್ಕಟೆ ಊಟ. ಮಕ್ಕಳು ಮರಿ ತುಂಬಿದ ಜಾತ್ರೆಯೊಳಗೆ ಲಾಠಿ ಹಿಡಿದು ನುಗ್ಗಿದರೆ ಕೇರಿಯ ಕಣ್ಣಿಗೆ ಖಳನಾಗುವವನು ಪೇದೆಯೇ. ಹಾಗಾಗಿ ಬಹುಪಾಲು ದೂರದಲ್ಲೇ ನಿಂತರು. ಗಾಟಿ ಜೈಲಿಗೆ ಹೋದ ಮೇಲೆ, 1990ರ ದಶಕದ ನಡುವೆ, ದೊಡ್ಡ ಪಡೆ ತಂದು ಅದನ್ನು ತಡೆದರು. ನಿಜವಾದ ಬಡಿದಾಟ ನಡೆದದ್ದು 1992ರ ಜೂನ್ 23ರಂದು, ಜೀವಾವಧಿ ಶಿಕ್ಷೆ ಘೋಷಣೆಯಾದ ದಿನ. ಬಸ್ಸುಗಳಲ್ಲಿ ಬಂದಿಳಿದ ಬೆಂಬಲಿಗರು ಬ್ರೂಕ್ಲಿನ್ ಕೋರ್ಟಿನ ಮುಂದೆ ಕಾರುಗಳನ್ನು ಮಗುಚಿದರು, ಪೊಲೀಸರಿಗೆ ಪೆಟ್ಟು ಬಿತ್ತು.

ನೀವು ಕೇಳಿದ ಬೀಗವೂ ಬಿತ್ತು, ಶಿಕ್ಷೆಯ ನಂತರ: ಆ ಕಟ್ಟಡವನ್ನು ಕೇಂದ್ರ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು.

ಇನ್ನು ವಕೀಲರು. ಬ್ರೂಸ್ ಕಟ್ಲರ್ ಮತ್ತು ಜೆರಾಲ್ಡ್ ಶಾರ್ಗೆಲ್ ಅವರ ದನಿ ಅದೇ ಟೇಪುಗಳಲ್ಲಿತ್ತು. ಟೇಪಿನ ಅರ್ಥವನ್ನು ಜ್ಯೂರಿಗೆ ವಿವರಿಸುವಾಗ ಅವರು ವಕೀಲರೂ ಹೌದು, ಕಂಡು ಕೇಳಿದವರೂ ಹೌದು ಎಂಬಂತಾಗುತ್ತದೆ. ಇಡೀ ಕುಟುಂಬದ ಕಾಯಂ ವಕೀಲರಂತೆ ನಡೆದುಕೊಂಡಿದ್ದಾರೆಂಬ ಆಪಾದನೆಯೂ ಇತ್ತು. ಗೆದ್ದು ಅಭ್ಯಾಸವಿದ್ದ ವಕೀಲನನ್ನು ಕಿತ್ತುಕೊಂಡರೆಂಬ ಆಕ್ಷೇಪದಲ್ಲಿ ತೂಕವಿದೆ. ಆದರೂ ನ್ಯಾಯಾಧೀಶ ಲಿಯೊ ಗ್ಲಾಸರ್ ಅವರ ನಿರ್ಧಾರ ನಮಗೆ ಸರಿ ಕಾಣುತ್ತದೆ. ಗಾಟಿಯೇನೂ ವಕೀಲನಿಲ್ಲದೆ ನಿಲ್ಲಲಿಲ್ಲ; ಅವನ ಪರವಾಗಿ ಮಯಾಮಿಯ ಹೆಸರಾಂತ ವಕೀಲ ಆಲ್ಬರ್ಟ್ ಕ್ರೀಗರ್ ವಾದಿಸಿದರು.

– ಸಂ.