ಕಡಿಮೆ ಬೆಲೆಯ ಸ್ಪೇನ್ ವೈನ್: ಒಗರು ಯಾಕೆ, ರುಚಿ ಎಲ್ಲಿ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಅಳಿಯ ಬೆಂಗಳೂರಿನಿಂದ ಸ್ಪೇನಿನ ಕೆಂಪು ವೈನ್ ತಂದಿದ್ದರು. ಬಾಟಲಿ ಮೇಲೆ ರಿಯೋಹಾ, ಕ್ರಿಯಾನ್ಸಾ ಅಂತಿತ್ತು. ಖಾರದ ಕೋಳಿ ಸಾರಿನ ಜೊತೆ ಸ್ಟೀಲ್ ಲೋಟದಲ್ಲಿ ಕುಡಿದೆವು. ಬಾಯೆಲ್ಲ ಒಗರು. ಕಡಿಮೆ ಬೆಲೆಯದ್ದು ಅಂತ ಹೀಗಾ?

ಉತ್ತರ: ಖಂಡಿತ ಅಲ್ಲ. ಒಗರು ಕೆಂಪು ವೈನಿನ ಗುಣವೇ. ಅದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ, ಸ್ವಲ್ಪ ಓಕ್ ಮರದ ಪೀಪಾಯಿಯಿಂದಲೂ ಬರುತ್ತದೆ. ಹಸಿ ಅಡಿಕೆ ಜಗಿದರೆ ನಾಲಿಗೆ ಹಿಡಿದುಕೊಳ್ಳುತ್ತದಲ್ವಾ, ಹಾಗೇ. ಮೆಣಸಿನಕಾಯಿ ಖಾರ ಸೇರಿದರೆ ಅದು ಇನ್ನೂ ಒರಟಾಗುತ್ತದೆ. ನಿಮ್ಮ ಕೋಳಿ ಸಾರು ಮಾಡಿದ್ದು ಅದನ್ನೇ.

ರಿಯೋಹಾ ಉತ್ತರ ಸ್ಪೇನಿನ ಸೀಮೆ, ಅಲ್ಲಿನ ಮುಖ್ಯ ಕೆಂಪು ದ್ರಾಕ್ಷಿ ಟೆಂಪ್ರಾನಿಯೋ. ಕ್ರಿಯಾನ್ಸಾ ಅಂದರೆ ಅಲ್ಲಿ ಕನಿಷ್ಠ 2 ವರ್ಷ ಮಾಗಿಸಿದ ಕೆಂಪು ವೈನ್, ಅದರಲ್ಲಿ ಕನಿಷ್ಠ 1 ವರ್ಷ ಪೀಪಾಯಿಯಲ್ಲೇ. ಅಷ್ಟು ಕಾಲ ಕಾದು ಬಂದ ಬಾಟಲಿ ಸಾಧಾರಣ ಬೆಲೆಗೆ ಸಿಗುತ್ತದಲ್ಲ, ಸ್ಪೇನ್ ವೈನ್ ನನಗೆ ಇಷ್ಟವಾಗೋದು ಇದಕ್ಕೇ.

ರುಚಿ ನೋಡೋದನ್ನು ನಿಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಕಾಫಿ ಕಪ್ಪಿಂಗ್ ನೋಡಿರುತ್ತೀರಿ: ಮೊದಲು ಮೂಗು, ಆಮೇಲೆ ಚಮಚದಿಂದ ಸೊರ್ ಅಂತ ಹೀರೋದು. ಇಲ್ಲೂ ಹಾಗೇ ಮಾಡಿ. ಬಾಟಲಿಯನ್ನು 20 ನಿಮಿಷ ಫ್ರಿಜ್‌ನಲ್ಲಿಡಿ, ಯಾಕೆಂದರೆ ನಮ್ಮ ಬೇಸಿಗೆಯ ಬಿಸಿಗೆ ಮದ್ಯದ ಘಾಟೇ ಮುಂದೆ ಬರುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗಾಜಿನ ಲೋಟಕ್ಕೆ ಮೂರನೇ ಒಂದು ಭಾಗ ಮಾತ್ರ ಹಾಕಿ. ಸುಮ್ನೆ ಒಂದೆರಡು ಸುತ್ತು ತಿರುಗಿಸಿ ಮೂಗು ಹತ್ತಿರ ತನ್ನಿ. ಮೊದಲು ಕೆಂಪು ಹಣ್ಣಿನ ವಾಸನೆ, ಅದರ ಹಿಂದೆ ವೆನಿಲ್ಲಾ, ಕೆಲವೊಮ್ಮೆ ಒಣ ಕೊಬ್ಬರಿ. ಆ ಕೊಬ್ಬರಿ ವಾಸನೆ ಅಮೆರಿಕನ್ ಓಕ್ ಕೊಡೋದು, ರಿಯೋಹಾದಲ್ಲಿ ಹಳೆಯ ಕಾಲದಿಂದ ಬಳಸುವ ಮರ. ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ನಾನು ಬೆಲೆಗಿಂತ ಅದನ್ನೇ ನಂಬೋದು.

ಊಟಕ್ಕೆ ಖಾರ ಕಡಿಮೆ ಮಾಡಿ ಹುರಿದ ಮಟನ್ ಇರಲಿ. ಕೊಬ್ಬು, ಉಪ್ಪು ಸೇರಿದರೆ ಅದೇ ಒಗರು ಮೆತ್ತಗಾಗುತ್ತದೆ.

ಪ್ರಶ್ನೆ: ರಿಯೋಹಾ ಬಿಟ್ಟು ಕೈಗೆಟುಕುವ ಬೇರೆ ಯಾವುದಿದೆ? (ಸಕಲೇಶಪುರದಿಂದ)

ಉತ್ತರ: ಹೆಸರು ಅಷ್ಟಾಗಿ ಕೇಳದ ಊರುಗಳನ್ನು ಹುಡುಕಿ. ಕಲತಾಯೂದ್, ಕಾಂಪೋ ದೆ ಬೋರ್ಹಾ ಕಡೆಯ ಗಾರ್ನಾಚಾ ದ್ರಾಕ್ಷಿಯ ಕೆಂಪು ವೈನಿನಲ್ಲಿ ಹಣ್ಣಿನ ರುಚಿ ತುಂಬಿರುತ್ತದೆ, ಒಗರು ಕಡಿಮೆ. ಖಾರದ ಊಟವೇ ಬೇಕು ಅನ್ನೋರು ಇದನ್ನು ಸ್ವಲ್ಪ ತಣ್ಣಗೆ ಮಾಡಿ ಕುಡಿಯಬಹುದು. ಹುಮಿಯಾ ಅನ್ನೋ ಊರಿನ ಕಡೆಯ ಮೊನಾಸ್ತ್ರೆಲ್ ದ್ರಾಕ್ಷಿಯ ವೈನ್ ದಪ್ಪ, ಗಾಢ. ನೊರೆ ವೈನ್ ಇಷ್ಟವಾದರೆ ಕಾವಾ ತನ್ನಿ. ಬಹುಪಾಲು ಸ್ಪೇನಿನ ಈಶಾನ್ಯದ ಕಾತಲೂನ್ಯಾ ಸೀಮೆಯದ್ದು, ಶಾಂಪೇನಿನ ಹಾಗೇ ಎರಡನೇ ಸಲ ಬಾಟಲಿಯೊಳಗೇ ಹುದುಗಿ, ಕನಿಷ್ಠ 9 ತಿಂಗಳು ಅಲ್ಲೇ ಮಾಗುತ್ತದೆ. ಬೆಲೆ ಮಾತ್ರ ಶಾಂಪೇನಿಗಿಂತ ತುಂಬಾ ಕಡಿಮೆ. ಮಳೆಗಾಲದ ಸಂಜೆ ಬಿಸಿ ಬಿಸಿ ಮೀನು ಫ್ರೈ ಜೊತೆ ಕುಡಿದು ನೋಡಿ, ಎಣ್ಣೆ ಜಿಡ್ಡನ್ನು ಆ ಹುಳಿ, ನೊರೆ ತೊಳೆದುಬಿಡುತ್ತವೆ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಇಡಬಹುದು?

ಉತ್ತರ: ಕೆಂಪಾದರೆ ಬಿರಡೆ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿ 3 ದಿನ. ಆಮೇಲೂ ಉಳಿದಿದ್ದರೆ ಮಟನ್ ಬೇಯಿಸುವಾಗ ಹಾಕಿ.