ಇಲಿ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಬೇಜಾರಾಗಬೇಡಿ

ಶಹಾಪುರದ ತಂಗಿಗೆ ನಮಸ್ಕಾರ.

‘ಕೆಂಪು ರಕ್ತಕಣಗಳ ಅಧ್ಯಯನಕ್ಕೆ ಇಲಿಗಳ ಕೊಡುಗೆ’ ಲೇಖನ ತಲುಪಿತು. ಈಗಿರುವ ರೂಪದಲ್ಲಿ ನಮ್ಮ ಪುರವಣಿಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಸಾಡುವ ಲೇಖನವೂ ಅಲ್ಲ. ಅದಕ್ಕೇ ‘ಸ್ಥಳಾಭಾವದಿಂದ’ ಎಂಬ ಹಳೆಯ ಸುಳ್ಳು ಹೇಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಪ್ಯಾರಾ ನನಗೆ ಬಹಳ ಹಿಡಿಸಿತು. ಶಾಲೆಯಲ್ಲಿ ಸೋಮವಾರ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಹುಡುಗಿ ನಾಲಿಗೆ ಕೆಳಗೆ ಅಡಗಿಸಿಟ್ಟು, ಟೀಚರ್ ಆಚೆ ತಿರುಗಿದ ಕೂಡಲೇ ಕಿಟಕಿಯಿಂದ ಉಗುಳುತ್ತಾಳೆ. ಹೊಟ್ಟೆ ತೊಳಸುತ್ತೆ ಅಂತ. ಕಣ್ಣಾರೆ ಕಂಡವರು ಮಾತ್ರ ಹೀಗೆ ಬರೆಯಬಲ್ಲರು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂಬ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಯನ್ನು ಅಲ್ಲೇ ಇಟ್ಟದ್ದೂ ಸರಿ.

ಎರಡನೇ ಪ್ಯಾರಾಕ್ಕೆ ಬಂದರೆ ಆ ಹುಡುಗಿ ಮಾಯ! 2007ರ ವೈದ್ಯಕೀಯ ನೊಬೆಲ್, ಅದನ್ನು ಪಡೆದ ಕಪೆಕಿ, ಇವಾನ್ಸ್, ಸ್ಮಿಥೀಸ್, ಇಲಿಯಲ್ಲಿ ಬೇಕಾದ ಜೀನ್ ತೆಗೆಯುವ ಅವರ ತಂತ್ರ... ಎರಡು ಪುಟ. ಮಾತ್ರೆ ಉಗುಳಿದ ಹುಡುಗಿಗೂ ಜೀನ್ ತೆಗೆದ ಇಲಿಗೂ ಏನು ಸಂಬಂಧ ಅಂತ ಓದುವವರು ಕೇಳುತ್ತಾರೆ, ಅಲ್ವಾ? ವಿಚಿತ್ರ ಅಂದರೆ ಉತ್ತರ ನಿಮ್ಮ ಲೇಖನದಲ್ಲೇ ಇದೆ. ನಾಲ್ಕನೇ ಪುಟದಲ್ಲಿ ‘ಹೆಪ್ಸಿಡಿನ್ ಎಂಬ ಹಾರ್ಮೋನನ್ನೂ ಇಲಿಗಳ ಮೂಲಕ ಅರಿಯಲಾಯಿತು’ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ತಂಗಿ, ಲೇಖನ ಇರುವುದೇ ಅಲ್ಲಿ.

ಆ ಕಥೆಯನ್ನು ಬಿಡಿಸಿ ಬರೆಯಿರಿ. ಪ್ಯಾರಿಸ್‌ನ ಒಂದು ತಂಡ ಯುಎಸ್‌ಎಫ್2 ಎಂಬ ಜೀನ್ ಇಲ್ಲದ ಇಲಿಗಳನ್ನು ಸಾಕಿತ್ತು. ಅವರಿಗೆ ಬೇಕಾಗಿದ್ದದ್ದು ಸಕ್ಕರೆಯ ವಿಚಾರ, ರಕ್ತದ ಗೊಡವೆಯೇ ಇರಲಿಲ್ಲ. ಇಲಿಗಳನ್ನು ಕೊಯ್ದು ನೋಡಿದರೆ ಮೇದೋಜೀರಕ ಕಂದುಬಣ್ಣಕ್ಕೆ ತಿರುಗಿದೆ, ಲಿವರ್ ಕೂಡ ಸ್ವಲ್ಪ ಹಾಗೇ. ಕಬ್ಬಿಣ ತುಂಬಿಕೊಂಡಿತ್ತು. ಕಾರಣ ಹುಡುಕಿದಾಗ, ಯುಎಸ್‌ಎಫ್2ರ ಪಕ್ಕದಲ್ಲೇ ಇರುವ ಹೆಪ್ಸಿಡಿನ್ ಜೀನೂ ಆ ಇಲಿಗಳಲ್ಲಿ ಕೆಲಸ ನಿಲ್ಲಿಸಿದ್ದು ಗೊತ್ತಾಯಿತು. ಇದು 2001ರಲ್ಲಿ. ಮರುವರ್ಷ ಅದೇ ತಂಡ ಉಲ್ಟಾ ಮಾಡಿತು. ಹೆಪ್ಸಿಡಿನ್ ಜಾಸ್ತಿ ತಯಾರಿಸುವ ಇಲಿಗಳನ್ನು ಹುಟ್ಟಿಸಿತು. ಮರಿಗಳು ಹುಟ್ಟುವಾಗಲೇ ಬಿಳಿಚಿಕೊಂಡಿದ್ದವು. ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಸತ್ತವು. ಮೈಯಲ್ಲಿ ಕಬ್ಬಿಣವೇ ಇರಲಿಲ್ಲ ಅನ್ನುವಷ್ಟು ಕೊರತೆ.

ಅಂದರೆ ಕರುಳಿನಿಂದ ರಕ್ತಕ್ಕೆ ಎಷ್ಟು ಕಬ್ಬಿಣ ಬಿಡಬೇಕು ಅಂತ ತೀರ್ಮಾನಿಸುವುದು ಲಿವರ್ ಕಳಿಸುವ ಈ ಹಾರ್ಮೋನು. ಮೈಯಲ್ಲಿ ಸೋಂಕೋ ಉರಿಯೂತವೋ ಇದ್ದರೆ ಅದು ಏರುತ್ತದೆ. ಆಗ ಮಾತ್ರೆ ನುಂಗಿದರೂ ಕಬ್ಬಿಣ ಸರಿಯಾಗಿ ಒಳಗೆ ಹೋಗುವುದಿಲ್ಲ. ಈಗ ನಿಮ್ಮ ಹುಡುಗಿಗೂ ಇಲಿಗೂ ಗಂಟು ಬಿತ್ತು ನೋಡಿ. ಇನ್ನೊಂದು ಎಳೆಯನ್ನೂ ಸೇರಿಸಿ. 2014ರಲ್ಲಿ ಕ್ಯಾಲಿಫೋರ್ನಿಯಾದವರು ಇಲಿಗಳಿಂದ ರಕ್ತ ತೆಗೆದು ಪರೀಕ್ಷಿಸಿದರು. ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ರಕ್ತಕಣಗಳೇ ಎರಿತ್ರೋಫೆರಾನ್ ಎಂಬ ಹಾರ್ಮೋನು ಬಿಟ್ಟು ಹೆಪ್ಸಿಡಿನ್ ಇಳಿಸುತ್ತವೆ ಅಂತ ಕಂಡರು. ‘ನಮಗೆ ಕಬ್ಬಿಣ ಬೇಕು, ಬಿಡು’ ಅಂತ ಅವು ಲಿವರ್‌ಗೆ ಹೇಳಿ ಕಳಿಸಿದಂತೆ. ಎರಿತ್ರೋಫೆರಾನ್ ಜೀನ್ ತೆಗೆದ ಇಲಿಗಳು ರಕ್ತ ಹೋದ ಮೇಲೆ ಚೇತರಿಸಿಕೊಳ್ಳುವುದು ನಿಧಾನ.

ಇನ್ನು ನಿಮ್ಮ ಒಂದು ವಾಕ್ಯ: ‘ಕಿಡ್ನಿಯಿಂದ ಬರುವ ಇಪಿಒ ಹಾರ್ಮೋನು ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತದೆ.’ ಪರೀಕ್ಷೆಯಲ್ಲಿ ಮಾರ್ಕ್ಸ್ ಸಿಗುತ್ತೆ. ಆದರೆ ಇಲಿಗಳು ಹೇಳಿದ್ದು ಅಷ್ಟೇ ಅಲ್ಲ. 1995ರಲ್ಲಿ ಇಪಿಒ ಜೀನ್ ಇಲ್ಲದ ಇಲಿಗಳನ್ನು ಮಾಡಿದರು. ಭ್ರೂಣಗಳು ತಾಯಿಯ ಹೊಟ್ಟೆಯಲ್ಲೇ, ಹದಿಮೂರನೇ ದಿನದ ಹೊತ್ತಿಗೆ ಸತ್ತವು. ಆ ವಯಸ್ಸಿನಲ್ಲಿ ರಕ್ತ ತಯಾರಾಗುವುದು ಲಿವರ್‌ನಲ್ಲಿ. ಸಹಜ ಭ್ರೂಣದಲ್ಲಿ ಅದು ಚರ್ಮದ ಆಚೆಯಿಂದಲೇ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಇವುಗಳಲ್ಲಿ ಸಣ್ಣದು, ಬಿಳುಪು. ಆದರೆ ಆ ಬಿಳುಪು ಲಿವರ್‌ನಲ್ಲೂ ರಕ್ತಕಣವಾಗಬೇಕಿದ್ದ ಎಳೆ ಕೋಶಗಳು ಇದ್ದವು! ಹೊರತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿ ಇಪಿಒ ಕೊಟ್ಟರೆ ಬಲಿತವು. ಹುಟ್ಟಲು ಇಪಿಒ ಬೇಕಿಲ್ಲ, ಉಳಿದು ಬಲಿಯಲು ಬೇಕು. ಗೊಡ್ಡು ರೋಗ ಬಂದ ತೊಗರಿ ನಮ್ಮವರಿಗೆ ಗೊತ್ತು: ಗಿಡ ಹಸಿರಾಗೇ ನಿಂತಿರುತ್ತದೆ, ಹೂವಿಲ್ಲ, ಕಾಯಿಲ್ಲ. ಈ ಹೋಲಿಕೆ ಬೇಕಾದರೆ ಬಳಸಿಕೊಳ್ಳಿ. ನಿಮ್ಮ ಕಾರ್ಖಾನೆ, ಸೈನ್ಯ, ಅಂಚೆಯಣ್ಣ ಮೂವರನ್ನೂ ಕೈಬಿಡಿ.

ಹೀಗೆ ಹೊಟ್ಟೆಯಲ್ಲೇ ಸತ್ತರೆ ದೊಡ್ಡ ಇಲಿಯಲ್ಲಿ ಆ ಜೀನ್ ಏನು ಮಾಡುತ್ತೆ ಅಂತ ನೋಡೋದು ಹೇಗೆ? ಈ ಪ್ರಶ್ನೆ ಕೇಳದೆಯೇ ನೀವು ಕ್ರೀ-ಲಾಕ್ಸ್ ತಂತ್ರ ವಿವರಿಸಲು ಹೊರಟಿದ್ದೀರಿ. ಮೊದಲು ಪ್ರಶ್ನೆ ಹಾಕಿ. ಆಮೇಲೆ, ಜೀನ್‌ನ ಎರಡೂ ಬದಿಗೆ ಗುರುತು ಹಾಕಿ, ರಕ್ತಕಣದ ದಾರಿಗೆ ಬಿದ್ದ ಕೋಶಗಳಲ್ಲಿ ಮಾತ್ರ ಕತ್ತರಿಸುವ ಉಪಾಯ ಅಂದರೆ ಎಲ್ಲರಿಗೂ ತಿಳಿಯುತ್ತದೆ.

‘ಇಲಿಯ ರಕ್ತ ಥೇಟ್ ನಮ್ಮ ರಕ್ತದಂತೆ’ ಎಂಬ ಸಾಲು ತಪ್ಪು. ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕಿದರೆ ಇಲಿಯದು 40 ದಿನ. ಅದರ ಗುಲ್ಮ (ಸ್ಪ್ಲೀನ್) ಜೀವನಪೂರ್ತಿ ರಕ್ತ ತಯಾರಿಸುತ್ತದೆ. ನಮ್ಮ ಮಕ್ಕಳಿಗೆ ಹೊಟ್ಟೆಯಲ್ಲಿದ್ದಾಗ ಇರುವಂಥ ಫೀಟಲ್ ಹಿಮೋಗ್ಲೋಬಿನ್ ಇಲಿಗಿಲ್ಲ. ಇಲಿಯ ಹಿಮೋಗ್ಲೋಬಿನ್ನೇ ಬೇರೆ. ಅದಕ್ಕೇ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಅಧ್ಯಯನಕ್ಕೆ ಮನುಷ್ಯನ ಹಿಮೋಗ್ಲೋಬಿನ್ ಜೀನ್‌ಗಳನ್ನೇ ಇಲಿಗೆ ಹಾಕಬೇಕಾಯಿತು. ಅಂಥ ಇಲಿಗಳಲ್ಲಿ, ಫೀಟಲ್ ಹಿಮೋಗ್ಲೋಬಿನ್ ತಯಾರಿಯನ್ನು ತಡೆಯುವ ಬಿಸಿಎಲ್11ಎ ಜೀನ್ ತೆಗೆದರೆ ಕಾಯಿಲೆಯ ಲಕ್ಷಣ ಸರಿಹೋಗುತ್ತದೆ ಎಂದು 2011ರಲ್ಲಿ ತೋರಿಸಿದರು. ಅದೇ ಜೀನನ್ನು ಗುರಿ ಮಾಡಿದ, ಜೀನ್ ತಿದ್ದುವ ಕ್ಯಾಸ್ಜೆವಿ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಆಗ ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್ ಇತ್ತು. ಇದು ಬೇರೆಯೇ ಲೇಖನ, ಇದರೊಳಗೆ ತುರುಕಬೇಡಿ.

ಕೊನೆಯ ‘ಮೂಕಪ್ರಾಣಿಗಳ ಮಹಾತ್ಯಾಗಕ್ಕೆ ನಮನ’ ಪ್ಯಾರಾ ಹೊಡೆದು ಹಾಕಿದ್ದೇನೆ. ಇಲಿಗಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಆ ಜಾಗದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಏನು ಹೇಳುತ್ತದೆ, ಪ್ರಯೋಗಕ್ಕೆ ಮುಂಚೆ ನೈತಿಕ ಸಮಿತಿಯ ಅನುಮತಿ ಯಾಕೆ ಬೇಕು ಅಂತ ನಾಲ್ಕು ಸಾಲು ಬರೆಯಿರಿ. ಚಿತ್ರಕ್ಕೆ ಬಿಳಿ ಇಲಿ ಕಳಿಸಿದ್ದೀರಿ. ಇಂಥ ಪ್ರಯೋಗಗಳಲ್ಲಿ ಬಹಳ ಬಳಸುವ ತಳಿ ಕರಿ ಬಣ್ಣದ್ದು, ಬದಲಿಸಿ.

‘ಅರಿಯಲಾಯಿತು’, ‘ಕಂಡುಹಿಡಿಯಲಾಯಿತು’ ಬಂದ ಕಡೆಯೆಲ್ಲ ಕೆಂಪು ಗೆರೆ ಹಾಕಿದ್ದೇನೆ. ಯಾರು, ಎಲ್ಲಿ, ಏನು ಹುಡುಕಲು ಹೋಗಿ ಕಂಡರು ಅಂತ ಸುಮ್ನೆ ನೇರವಾಗಿ ಹೇಳಿ. 1200 ಪದ ದಾಟಬೇಡಿ. ಕಲಬುರಗಿ ಕಡೆ ಬಂದಾಗ ಆಫೀಸಿಗೆ ಬಂದರೆ ಗೆರೆ ಹಾಕಿದ ಪ್ರತಿ ಕೈಗೇ ಕೊಡುತ್ತೇನೆ. ಇಲ್ಲದಿದ್ದರೆ ಅಂಚೆಯಲ್ಲಿ ಕಳಿಸುತ್ತೇನೆ, ವಿಳಾಸದ ಪಿನ್‌ಕೋಡ್ ತಿಳಿಸಿ.